ಸರ್ವರ್ ಎಲ್ಲಿದೆ ಎಂದು ಒಂದೇ ಸಲ ಕೇಳಿದೆ

ಮೆಹ್ರ್ ತಿಂಗಳು, ೩

ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಣೆಬರಹ, ಇನ್ನೇನು.

ಇವತ್ತು ನಮ್ಮ ರೋಗಿಗಳ ಸಂಘದವರು ನಮ್ಮ ಮನೆಯಲ್ಲೇ ಸೇರಿದ್ದರು. ಹೊಸ ವೆಬ್‌ಸೈಟಿಗೆ ಹೋಸ್ಟಿಂಗ್, ಅಂದರೆ ಅದನ್ನಿಡಲು ಸರ್ವರ್‌ನಲ್ಲಿ ಜಾಗ, ಯಾರ ಹತ್ತಿರ ತೆಗೆದುಕೊಳ್ಳುವುದು, ಅದನ್ನು ಯಾರು ವಿಚಾರಿಸುವುದು ಎಂಬ ಮಾತು ಬಂತು. "ನಿಮ್ಮಷ್ಟು ತಿಳಿದವರು ಯಾರಿದಾರೆ," "ಛೆ ಛೆ, ನೀವಿರುವಾಗ ನಾನು ಮುಂದೆ ಹೋಗೋದೇ?" ಎಂದು ಒಬ್ಬರು ಇನ್ನೊಬ್ಬರನ್ನು ಹೊಗಳುತ್ತ ಹೊಗಳುತ್ತ ಆ ಕೆಲಸವನ್ನು ತಂದು ನನ್ನ ತಲೆಗೆ ಕಟ್ಟಿದರು. ನಾನು ಮೂರನೇ ತರಗತಿಗೆ ಪಾಠ ಹೇಳುವವಳು. ಆದರೂ "ನಿಮ್ಮ ಸೇವೆಗೆ ಸಿದ್ಧ" ಎಂದುಬಿಟ್ಟೆ. ಹೇಳಿದ ಮೇಲೆ ಅಡುಗೆಮನೆಗೆ ಹೋಗಿ ಹಲ್ಲು ಕಡಿದೆ.

ಸೈಟಂತೂ ಬೇಕೇ ಬೇಕು. ಶೀರಾಜ್‌ನಲ್ಲೂ ಸುತ್ತಲಿನ ಊರುಗಳಲ್ಲೂ ರಕ್ತ ಹೆಪ್ಪುಗಟ್ಟದ ಕಾಯಿಲೆಯವರಿರುವ ಮನೆಗಳು ಇಷ್ಟು ದಿನ ಫೋನಿನ ಒಂದು ಗುಂಪಿನಲ್ಲಿ ಮಾತಾಡಿಕೊಳ್ಳುತ್ತಿದ್ದವು. ಯಾರ ಫ್ರಿಜ್ಜಿನಲ್ಲಿ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಔಷಧಿಯ ಬಾಟಲಿ ಮಿಕ್ಕಿದೆ, ಯಾರಿಗೆ ಇವತ್ತೇ ಬೇಕು ಎಂದು. ಔಷಧಿ ಅಂಗಡಿಗೆ ಮಾಲು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ನಮಗೆ ನಾವೇ ಅಂಗಡಿ. ಈಗ ಆ ಆಪನ್ನೇ ಸರ್ಕಾರ ಮುಚ್ಚಿಸಿದೆ. ಅದೇ ಕಾಯಿಲೆಯಿರುವ ನನ್ನ ತಮ್ಮ ಬೆಹ್ರಂಗ್ ಎಲ್ಲರಿಗೂ ಚಹ ಕೊಡುತ್ತ ಓಡಾಡುತ್ತಿದ್ದ. ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದಂತೆ ಕಂಡಿತು. ಎಲ್ಲರೂ ಹೋದ ಮೇಲೆ ಕಾಲು ಹೇಗಿದೆ ಎಂದೆ. ಚೆನ್ನಾಗಿದೆ ಎಂದ. ಸರಿ.

ಮೆಹ್ರ್ ೬

ಸ್ವೀಡನ್‌ನಲ್ಲಿರುವ ಚಿಕ್ಕಪ್ಪನ ಮಗಳು ಅಲ್ಲಿಯ ಒಂದು ಕಂಪನಿಯಲ್ಲಿ ಸೈಟಿಗೆ ಜಾಗ ಮಾಡಿಕೊಟ್ಟಳು. ನಾನು ಇಲ್ಲಿಂದ ತೆರೆದು ನೋಡಿದೆ ಅಷ್ಟೆ, ಮಾರನೆಯ ದಿನ ಖಾತೆಯೇ ಬಂದ್. ನಮ್ಮ ದೇಶದಿಂದ ತೆರೆದದ್ದು ಅವರಿಗೆ ಗೊತ್ತಾಗಿದೆ. ನಮ್ಮ ದೇಶದ ಮೇಲೆ ಅವರ ನಿರ್ಬಂಧವಂತೆ.

ಒಳ್ಳೆಯದೇ ಆಯಿತು. ಎರಡು ವರ್ಷದ ಹಿಂದೆ ಊರೂರಲ್ಲಿ ಗಲಾಟೆಯಾದಾಗ ನಮ್ಮ ಸರ್ಕಾರವೇ ಹೊರದೇಶದ ಇಂಟರ್ನೆಟ್ ಲೈನನ್ನು ಕಡಿದಿತ್ತು. ದೇಶದೊಳಗಿನ ಸರ್ವರ್‌ಗಳಲ್ಲಿದ್ದ ಬ್ಯಾಂಕು, ಟ್ಯಾಕ್ಸಿ ಎಲ್ಲ ನಡೆಯುತ್ತಿದ್ದವು, ಹೊರಗಿದ್ದದ್ದೆಲ್ಲ ಸತ್ತು ಬಿದ್ದಿತ್ತು. ಗಲಾಟೆಯ ದಿನ ಬೆಹ್ರಂಗನಿಗೆ ರಕ್ತ ಸೋರಬಾರದು ಎಂದು ಯಾರೂ ಕಾಯಿದೆ ಮಾಡಿಲ್ಲ. ಆದ್ದರಿಂದ ನಾನು ಕೇಳಬೇಕಾದದ್ದು ಒಂದೇ ಪ್ರಶ್ನೆ. ಸರ್ವರ್ ಎಲ್ಲಿದೆ?

ಮೆಹ್ರ್ ೯

ತಬ್ರೀಜ್‌ನ ಒಂದು ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿದೆ. ಆಯ್ಲಾರ್ ಎಂಬ ಹೆಂಗಸು ಎತ್ತಿದಳು. ಅವಳೇ ಯಜಮಾನಿಯಂತೆ. ಕ್ಷೇಮವೇ, ಮನೆಯಲ್ಲೆಲ್ಲ ಹೇಗಿದ್ದಾರೆ ಎಂದು ನಾನು ಶುರು ಮಾಡುವಷ್ಟರಲ್ಲಿ, "ಏನ್ ಬೇಕಾಗಿತ್ರಿ?" ಎಂದಳು.

"ನಿಮ್ಮ ಸರ್ವರ್ ಎಲ್ಲಿದೆ ಖಾನಂ?"

"ತೆಹ್ರಾನದಾಗ. ನಮ್ಮ ಸ್ವಂತದ್ದು."

"ಹೊರಗಿನ ಲೈನು ಕಡಿದರೆ?"

"ಇಲ್ಲಿದ್ದವರಿಗೆ ತೆರೀತದ. ಹೊರದೇಶದವರಿಗೆ ತೆರಿಯಂಗಿಲ್ಲ."

"ದಿನಾ ಒಂದು ಬ್ಯಾಕಪ್ ನೀವೇ ತೆಗೆದಿಟ್ಟರೆ..."

"ಇಲ್ರಿ. ಅದು ನಿಮ್ಮ ಕೆಲಸ. ನೀವ ತಗೊಂಡು ನಿಮ್ಮ ಮನ್ಯಾಗ ಇಟ್ಕೋರಿ."

"ನಮ್ಮದು ರೋಗಿಗಳ ಸಂಘ, ಸ್ವಲ್ಪ ವಿಶೇಷವಾಗಿ ಗಮನ ಕೊಟ್ಟು..."

"ಎಲ್ಲಾರಿಗೂ ಒಂದ ಗಮನ ಕೊಡ್ತೀವ್ರಿ. ಯೋಚನಿ ಮಾಡಿ ಹೇಳ್ರಿ." ಫೋನ್ ಇಟ್ಟೇಬಿಟ್ಟಳು.

ಮೈಯೆಲ್ಲ ಉರಿಯಿತು. ರೋಗಿಗಳು ಎಂದ ಮೇಲೂ ಒಂದು "ದೇವರು ಒಳ್ಳೆಯದು ಮಾಡಲಿ" ಎನ್ನಲಿಲ್ಲ. ಇಂಥವಳ ಕೈಗೆ ನಮ್ಮ ಮಕ್ಕಳ ಹೆಸರು ಕೊಡುವುದೇ?

ಮೆಹ್ರ್ ೧೧

ಇಲ್ಲೇ ನಮ್ಮ ಊರಿನಲ್ಲಿ ಹೋಸ್ಟಿಂಗ್ ಕೊಡುವ ಆಗಾ ಸಾಲಾರಿಯವರ ಆಫೀಸಿಗೆ ಹೋಗಿದ್ದೆ. ಮನುಷ್ಯ ಎಂದರೆ ಹೀಗಿರಬೇಕು. ಬಾಗಿಲ ತನಕ ಎದ್ದು ಬಂದರು. ನೀವು ಮೊದಲು, ಇಲ್ಲ ನೀವು ಮೊದಲು ಎಂದು ಬಾಗಿಲಲ್ಲೇ ಬಹಳ ಹೊತ್ತು ಹೋಯಿತು. ಅವರ ತಾಯಿಗೂ ನಮ್ಮ ಅಮ್ಮನಿಗೂ ಪರಿಚಯವಿತ್ತಂತೆ. ಅಮ್ಮನ ಹೆಸರು ಎತ್ತಿದಾಗ ಅವರ ಕಣ್ಣಲ್ಲಿ ನೀರು. ಚಹ ಬಂತು, ತಟ್ಟೆ ತುಂಬ ಮಸ್ಕತಿ ಮಿಠಾಯಿ ಬಂತು. ಬೆಹ್ರಂಗನ ಕಾಯಿಲೆಯ ವಿಷಯ ಕೇಳಿ ಎದೆ ಮೇಲೆ ಕೈಯಿಟ್ಟುಕೊಂಡರು.

"ಆಗಾ ಸಾಲಾರಿ, ಸರ್ವರ್ ದೇಶದೊಳಗೇ ಇದೆ ತಾನೆ?"

"ಫರ್ಖಂದೆ ಖಾನಂ, ನಿಮ್ಮ ಸೈಟು ನನ್ನ ಕಣ್ಣ ಮೇಲಿರುತ್ತೆ." ಬಲಗೈ ಎತ್ತಿ ನಿಜವಾಗಿಯೂ ಕಣ್ಣಿಗೆ ಒತ್ತಿಕೊಂಡರು.

"ಬ್ಯಾಕಪ್?"

"ಅದೂ ಕಣ್ಣ ಮೇಲೆ. ನೀವು ಅದನ್ನೆಲ್ಲ ಯಾಕೆ ತಲೆಗೆ ಹಚ್ಕೋತೀರ? ನಾನಿದೀನಲ್ಲ."

ದುಡ್ಡು ಎಷ್ಟು ಎಂದೆ. ಛೆ, ನಿಮ್ಮ ಮುಂದೆ ದುಡ್ಡಿನ ಮಾತೇ ಎಂದರು. ದಯವಿಟ್ಟು ಎಂದೆ. ಈ ಸಲ ನಮ್ಮ ಅತಿಥಿಯಾಗಿರಿ ಎಂದರು. ಆಣೆ ಹಾಕಿ ಕೇಳಿದೆ. ಮೂರನೇ ಸಲಕ್ಕೆ ತೆಗೆದುಕೊಂಡರು. ಎಷ್ಟು ದಿನವಾಗಿತ್ತು ಹೀಗೆ ಮರ್ಯಾದಸ್ಥರ ಹತ್ತಿರ ವ್ಯವಹಾರ ಮಾಡಿ!

ಮೆಹ್ರ್ ೧೨

ಬೆಹ್ರಂಗ್ ಹೊಲಿಗೆ ಯಂತ್ರ ಬಿಚ್ಚಿ ಹಾಕಿಕೊಂಡು ಕೂತಿದ್ದ. ರಿಪೇರಿಯೇ ಅವನ ಹೊಟ್ಟೆಪಾಡು. ನಡೆದದ್ದನ್ನೆಲ್ಲ ಹೇಳಿದೆ.

"ಅಕ್ಕ, ನೀನು ಹೋಸ್ಟಿಂಗ್ ನೋಡೋಕೆ ಹೋಗಿದ್ಯೋ, ವರ ನೋಡೋಕೋ?"

"ಮುಚ್ಚು ಬಾಯಿ."

"ಅಲ್ಲ, ಸರ್ವರ್ ಒಳಗಿದೆಯಾ ಅಂದ್ರೆ ಕಣ್ಣ ಮೇಲಿದೆ ಅಂದ್ರಲ್ಲ, ಆ ಕಣ್ಣು ಯಾವ ದೇಶದಲ್ಲಿದೆ?"

"ಇನ್ನೊಂದು ಸಲ ಕೇಳಿದ್ರೆ ಅವರ ಮಾತಿನ ಮೇಲೆ ನಂಬಿಕೆ ಇಲ್ಲ ಅಂದ ಹಾಗಾಗುತ್ತೆ. ಅಷ್ಟು ದೊಡ್ಡ ಮನುಷ್ಯರಿಗೆ ಹಾಗೆ ಅನ್ನೋಕಾಗುತ್ತಾ?"

ಅವನು ಸ್ಕ್ರೂ ಬಾಯಲ್ಲಿ ಕಚ್ಚಿಕೊಂಡು ನಕ್ಕ. ಇವನಿಗೆ ಎಲ್ಲವೂ ತಮಾಷೆ.

ಮೆಹ್ರ್ ೨೪

ಸೈಟು ತೆರೆದಿದೆ! ಮರ್ವ್‌ದಶ್ತ್, ಜಹ್ರಮ್, ಕಾಜೆರೂನ್, ಎಲ್ಲ ಕಡೆಯಿಂದ ಮನೆಗಳು ಸೇರುತ್ತಿವೆ. ಅವರವರ ಫೋನ್ ನಂಬರು, ಯಾವ ಫ್ಯಾಕ್ಟರ್, ಎಷ್ಟು ಬಾಟಲಿ, ಎಲ್ಲ ಒಂದೇ ಕಡೆ. ಇವತ್ತು ಬೆಹ್ರಂಗನ ಮೊಣಕೈ ಊದಿಕೊಂಡಿತು. ಸೈಟಿನಲ್ಲಿ ಹಾಕಿದೆ, ಮರ್ವ್‌ದಶ್ತ್‌ನ ಒಬ್ಬ ತಾಯಿ ಸಂಜೆಯೊಳಗೆ ಟ್ಯಾಕ್ಸಿಯವನ ಕೈಲಿ ಬಾಟಲಿಯನ್ನು ಐಸ್ ಡಬ್ಬಿಯಲ್ಲಿಟ್ಟು ಕಳಿಸಿದಳು. ಚುಚ್ಚಿಕೊಂಡು ಮತ್ತೆ ರಿಪೇರಿಗೆ ಕೂತ. ನನಗೆ ಅಳುವೇ ಬಂತು. ಆಗಾ ಸಾಲಾರಿಯವರಿಗೆ ಫೋನ್ ಮಾಡಿ ಕೈ ಮುಗಿದೆ. ನಿಮ್ಮ ಪಾದದ ಧೂಳು ನಾನು ಎಂದರು.

ಅಬಾನ್ ೯

ಒಂದು ತಲೆನೋವು. ನಮ್ಮ ಜನ ಬಾಟಲಿ ಕೊಡುವಾಗಲೂ ಉಪಚಾರ ಬಿಡುವುದಿಲ್ಲ. ಒಬ್ಬ ತಂದೆ "ನಮ್ಮಲ್ಲಿರುವುದೆಲ್ಲ ನಿಮ್ಮದೇ" ಎಂದು ಹಾಕಿದ್ದ. ಇದ್ದದ್ದೆಲ್ಲ ಕಳಿಸಿಯೂ ಬಿಟ್ಟ. ಮಾರನೆಯ ದಿನ ಅವನ ಮಗನಿಗೇ ಮೂಗಲ್ಲಿ ರಕ್ತ. ದೇವರು ದೊಡ್ಡವನು, ಹುಡುಗ ಉಳಿದ. ಬೆಹ್ರಂಗ್ ಹೇಳಿದ, "ಅಕ್ಕ, ಆ ಸೈಟಿನಲ್ಲಿ ಒಂದು ಗುಂಡಿ ಹಾಕ್ಸು, 'ನಿಜವಾಗ್ಲೂ?' ಅಂತ."

ಹಾಗೆಲ್ಲ ಕೇಳಲಾಗುತ್ತದೆಯೇ?

ಅಬಾನ್ ೧೯

ಸೈಟು ತೆರೆಯುತ್ತಿಲ್ಲ.

ಪೇಟೆಯಲ್ಲಿ ಗಲಾಟೆ. ಶಾಲೆಗೆ ರಜೆ ಕೊಟ್ಟರು. ಹೊರಗಿನ ಲೈನನ್ನು ಬೆಳಿಗ್ಗೆಯೇ ಕಡಿದಿದ್ದಾರಂತೆ. ಬ್ಯಾಂಕಿನ ಸೈಟು ತೆರೆಯುತ್ತಿದೆ, ಬಸ್ಸಿನ ಟಿಕೆಟಿನದು ತೆರೆಯುತ್ತಿದೆ. ನಮ್ಮದು ಇಲ್ಲ. ಪುಣ್ಯಕ್ಕೆ ಫೋನ್ ಮಾತು ನಡೆಯುತ್ತಿದೆ. ಆಗಾ ಸಾಲಾರಿ, "ಇವತ್ತೇ ಸರಿ ಹೋಗುತ್ತೆ ಖಾನಂ, ಕಣ್ಣ ಮೇಲೆ" ಎಂದರು. ಸಣ್ಣ ದೋಷ ಇರಬೇಕು.

ಅಬಾನ್ ೨೦

ಇಲ್ಲ. ಮೂರು ಸಲ ಫೋನ್ ಮಾಡಿದೆ. ಪ್ರತಿ ಸಲವೂ ಬೆಹ್ರಂಗನ ಆರೋಗ್ಯ ವಿಚಾರಿಸಿದರು. ಪ್ರತಿ ಸಲವೂ ಕಣ್ಣ ಮೇಲೆ.

ಅಬಾನ್ ೨೧, ಬೆಳಿಗ್ಗೆ

ಬೆಹ್ರಂಗ್ ಮಂಚದಿಂದ ಏಳಲಿಲ್ಲ. ಏನಾಯಿತು ಎಂದರೆ ನಿದ್ದೆ ಎಂದ. ಹೊದಿಕೆ ಎಳೆದು ನೋಡಿದರೆ ಎಡ ಸೊಂಟದಿಂದ ತೊಡೆಯ ತನಕ ಕಲ್ಲಿನ ಹಾಗೆ ಊದಿದೆ, ಕಾಲು ಮಡಚಿಕೊಂಡೇ ಇದೆ. ಮೊನ್ನೆ ಅಂಗಡಿಯ ಮೆಟ್ಟಿಲಲ್ಲಿ ಜಾರಿದ್ದನಂತೆ. ಮೊನ್ನೆ! ಮನೆಯಲ್ಲಿದ್ದದ್ದನ್ನು ಚುಚ್ಚಿದೆ, ಇನ್ನು ಫ್ರಿಜ್ಜು ಖಾಲಿ. ಆಸ್ಪತ್ರೆಗೆ ಸೇರಿಸಿದೆ. ಅಲ್ಲಿಯ ಡಾಕ್ಟರ್ ಒಳ್ಳೆಯವನೇ. "ಒಳಗೆ ಸೋರ್ತಾ ಇದೆ. ಒಂದು ಡೋಸ್ ನಮ್ಮಲ್ಲಿದ್ದದ್ದು ಕೊಟ್ಟಿದೀವಿ. ಇನ್ನೂ ನಾಲ್ಕು ಬಾಟಲಿ ಬೇಕು. ನಮ್ಮ ಮಾಲು ತೆಹ್ರಾನ್‌ನಿಂದ ಬರಬೇಕು, ರಸ್ತೆ ಬಂದ್. ನಿಮ್ಮ ಸಂಘದಲ್ಲಿ ಯಾರ ಹತ್ತಿರವಾದ್ರೂ ಇದೆಯಾ?" ಎಂದ.

ಇದೆ. ಯಾರ ಹತ್ತಿರ ಎಂಬುದು ಸೈಟಿನಲ್ಲಿದೆ. ನನ್ನ ಫೋನಿನಲ್ಲಿರುವ ನಾಲ್ಕಾರು ಮನೆಗಳಿಗೆ ಮಾಡಿ ನೋಡಿದೆ. ಅವರಲ್ಲಿಲ್ಲ.

ಅದೇ ದಿನ, ಮಧ್ಯಾಹ್ನ

ಅಕ್ಷರ ಹೇಗೆ ಬಂದರೆ ಹಾಗೆ ಬರೆಯುತ್ತಿದ್ದೇನೆ.

ಸಾಲಾರಿಯ ಆಫೀಸಿಗೆ ಹೋದೆ. ಎದ್ದು ಬಂದರು, ನೀವು ಮೊದಲು ಎಂದರು. ನಾನು ನುಗ್ಗಿ ಒಳಗೆ ಹೋದೆ. ಚಹ ತರಿಸಿದರು. ಮುಟ್ಟಲಿಲ್ಲ.

"ಸರ್ವರ್ ಎಲ್ಲಿದೆ?"

"ಖಾನಂ, ನೀವು ಮೊದಲು ಸಮಾಧಾನವಾಗಿ ಕೂತ್ಕೊಳ್ಳಿ, ಚಹ..."

"ಸರ್ವರ್ ಎಲ್ಲಿದೆ?"

"ನಮ್ಮ ಹುಡುಗರು ನೋಡ್ತಾ ಇದಾರೆ, ಆಣೆಗೂ..."

"ಆಗಾ ಸಾಲಾರಿ. ಸರ್ವರ್ ಎಲ್ಲಿದೆ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಜರ್ಮನಿಯಲ್ಲಿ," ಎಂದರು. "ನಂದೇನಿಲ್ಲ ಖಾನಂ, ಅಲ್ಲಿಂದ ತಗೊಂಡು ಇಲ್ಲಿ ಕೊಡ್ತೀನಿ ಅಷ್ಟೆ." ಬ್ಯಾಕಪ್ಪೂ ಅದರಲ್ಲೇ ಇದೆಯಂತೆ.

"ಅವತ್ತು ಯಾಕೆ ಹೇಳ್ಲಿಲ್ಲ?"

"ನಿಮ್ಮಮ್ಮನ ಮಗಳು ನೀವು. ಮೊದಲ ಸಲ ಬಾಗಿಲಿಗೆ ಬಂದಿದೀರಿ. ಇಲ್ಲ ಅಂತ ಹೇಗೆ ಹೇಳಲಿ? ಬಾಯಿ ಬರ್ಲಿಲ್ಲ. ಲೈನು ಕಡಿಯೋದು ವರ್ಷಕ್ಕೊಂದು ಸಲ ಆದ್ರೆ ಹೆಚ್ಚು ಅಂದ್ಕೊಂಡೆ."

ಸುಳ್ಳುಗಾರನಲ್ಲ ಆ ಮನುಷ್ಯ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಬೀದಿಯ ಕಿತ್ತಳೆ ಮರದ ಕೆಳಗೆ ನಿಂತಾಗ ಹೊಳೆಯಿತು: ದುಡ್ಡು ತೆಗೆದುಕೊಳ್ಳಿ ಎಂದು ಮೂರು ಸಲ ಒತ್ತಾಯ ಮಾಡಿದವಳು ಸರ್ವರ್ ಎಲ್ಲಿದೆ ಎಂದು ಒಂದೇ ಸಲ ಕೇಳಿದೆ.

ಅಬಾನ್ ೨೨

ತಬ್ರೀಜ್‌ಗೆ ಫೋನ್ ಮಾಡಿದೆ. ಕ್ಷೇಮ ಸಮಾಚಾರ ಕೇಳಲಿಲ್ಲ. "ಫರ್ಖಂದೆ ಮಾತಾಡೋದು, ಶೀರಾಜ್‌ನಿಂದ. ಜರ್ಮನಿಯಲ್ಲಿರೋ ಸೈಟನ್ನ ಇವತ್ತು ಒಳಗೆ ತರೋಕಾಗುತ್ತಾ?"

"ಆಗಂಗಿಲ್ಲ."

"ಏನು ಮಾಡಲಿ? ತಮ್ಮ ಆಸ್ಪತ್ರೆಯಲ್ಲಿದಾನೆ."

"ಹಳೇದನ್ನ ಮರೀರಿ. ಹೊಸಾದು ಮಾಡೂಣು. ಬರೇ ಒಂದ ಪುಟ. ಊರು, ಫೋನು, ಎಷ್ಟು ಅದಾವ, ಎಷ್ಟು ಬೇಕು. ಚಂದ ಇರಂಗಿಲ್ಲ, ತೆರೀತದ. ವಿಳಾಸ ಕಳಸ್ತೀನಿ, ನೀವು ಗೊತ್ತಿದ್ದವರಿಗೆಲ್ಲಾ ಮೆಸೇಜ್ ಹಾಕ್ರಿ, ಅವರು ಮತ್ತೊಬ್ಬರಿಗೆ ಹಾಕ್ಲಿ. ಬ್ಯಾಕಪ್ ನಾ ಇಡಂಗಿಲ್ಲ, ಮೊದಲ ಹೇಳೀನಿ."

"ನಾನೇ ಇಟ್ಕೋತೀನಿ."

"ಮತ್ತ, ರೊಕ್ಕದ್ದು ಆಮ್ಯಾಲೆ ಮಾತಾಡೂಣು," ಎಂದಳು. ಇದು ಉಪಚಾರವೇ ಎಂದು ಕೇಳಿದೆ. "ಅಲ್ರಿ. ಆಮ್ಯಾಲೆ ಕೊಡಬೇಕು," ಎಂದಳು. ನನಗೆ ನಗು ಬಂತು, ಇಂಥ ಹೊತ್ತಿನಲ್ಲಿ.

ಪುಟ ತೆರೆಯಿತು. ಮೊದಲ ಸಾಲು ನಾನೇ ಹಾಕಿದೆ: ಶೀರಾಜ್, ತಮ್ಮನಿಗೆ ಸೊಂಟದೊಳಗೆ ರಕ್ತ, ಎಂಟನೇ ಫ್ಯಾಕ್ಟರ್ ಬೇಕು, ಇವತ್ತೇ ಬೇಕು. ನಮ್ಮ ಕಡೆ ಹೀಗೆ ಯಾರೂ ಬರೆಯುವುದಿಲ್ಲ. ಎರಡು ಸಾಲು ಕ್ಷಮೆ, ಒಂದು ಸಾಲು ಆಶೀರ್ವಾದ, ಆಮೇಲೆ ವಿಷಯ. ಮೆಸೇಜು ಮನೆಯಿಂದ ಮನೆಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಸಾಲುಗಳು ಸೇರತೊಡಗಿದವು. ಹೆಚ್ಚಿನವರಿಗೂ ಬೇಕಾಗಿರುವುದೇ. ನಾನು ಫೋನನ್ನೇ ನೋಡುತ್ತ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೆ. ಒಳಗೆ ಬೆಹ್ರಂಗ್ ಬೆಳ್ಳಗಾಗುತ್ತ ಹೋಗುತ್ತಿದ್ದ. ನರ್ಸಿಗೆ ಆಗಲೂ ಏನೋ ಹೇಳಿ ನಗಿಸುತ್ತಿದ್ದ.

ಆಮೇಲೆ ಫಸಾ ಎಂಬ ಊರಿನಿಂದ ಒಂದು ಕರೆ. ಜಹಾನ್‌ಗೀರ್ ಎಂದು ಹೆಸರು, ರೊಟ್ಟಿ ಅಂಗಡಿಯವರು. "ತಂಗಿ, ನನ್ನ ಹತ್ರ ನಾಲ್ಕು ಬಾಟಲಿ ಇದಾವೆ. ಬಸ್ಸು ಓಡ್ತಾ ಇಲ್ಲ, ನಮ್ಮ ಹಿಟ್ಟಿನ ಗಾಡಿ ಹೊರಡ್ತಾ ಇದೆ. ಎಲ್ಲ ನಿಮ್ಮವೇ."

ದೇವರೇ. ನಾಲ್ಕು. ಡಾಕ್ಟರ್ ಕೇಳಿದ್ದೂ ಅಷ್ಟೇ. ಹೂಂ ಎಂದುಬಿಟ್ಟರೆ ಮುಗಿಯಿತು.

"ಯಾರಿಗೆ ತಂದಿಟ್ಟಿದ್ದು, ಅಣ್ಣ?"

"ಮಗನಿಗೆ. ಅವನು ಗಟ್ಟಿಮುಟ್ಟಾಗಿದಾನೆ, ಅದು ಬಿಡಿ."

"ಅವನಿಗೆ ಬೇಡ್ವಾ?"

"ನಿಮ್ಮ ತಮ್ಮ ಬೇರೆ, ನನ್ನ ಮಗ ಬೇರೆನಾ? ತಗೊಳ್ಳಿ ಅಂದ್ರೆ ತಗೊಳ್ಳಿ."

ಇಲ್ಲಿಗೆ ನಿಲ್ಲಿಸಬೇಕು ಎಂದು ಮೈಯ ಎಲುಬೆಲುಬೂ ಹೇಳುತ್ತಿತ್ತು. ಅವರು ಕೊಟ್ಟರು, ನಾನು ಒಂದು ಸಲ ಬೇಡವೆಂದೆ, ಅವರು ಒತ್ತಾಯಿಸಿದರು. ಯಾರೂ ನನ್ನನ್ನು ತಪ್ಪು ಎನ್ನುವುದಿಲ್ಲ. ಮೂಗಲ್ಲಿ ರಕ್ತ ಬಂದ ಆ ಹುಡುಗ ನೆನಪಾದ.

"ಅಣ್ಣ, ಉಪಚಾರ ಬೇಡ. ನಿಮ್ಮ ಮಗನ ಆಣೆ. ಎಷ್ಟು ಕೊಟ್ರೆ ನಿಮಗೆ ನಿದ್ದೆ ಬರುತ್ತೆ?"

ಸಣ್ಣ ದನಿಯಲ್ಲಿ, "ಎರಡು," ಎಂದರು. "ಅವನಿಗೆ ಹಲ್ಲು ಕೀಳಿಸಿದೆ, ಇನ್ನೂ ಜಿನುಗ್ತಾ ಇದೆ."

"ಹಾಗಾದ್ರೆ ಎರಡೇ ಕಳಿಸಿ."

ಅವರು ಅಳುತ್ತಿದ್ದರು. ನಾನೂ ಅತ್ತೆ. ಎರಡು ಸಾಲದು ಎಂದು ಗೊತ್ತಿದ್ದೇ ಅತ್ತೆ.

ಅಬಾನ್ ೨೩

ಎರಡು ಬಂತು. ಚುಚ್ಚಿದರು. ಸೋರುವುದು ನಿಂತಿಲ್ಲ, ನಿಧಾನವಾಗಿದೆ. ಪುಟ ನೋಡುತ್ತಲೇ ಇದ್ದೇನೆ.

ಅಬಾನ್ ೨೪

ಲಾರ್‌ನಿಂದ ಮೂರು! ಒಬ್ಬ ಮುದುಕಿ, ಮೊಮ್ಮಗನದ್ದು. ಮೂರು ಸಲ ಕೇಳಿದೆ. "ಹುಚ್ಚಿ, ಕಿವಿ ಕೇಳ್ಸಲ್ವಾ? ನಮ್ಮನೇಲಿ ಇನ್ನೂ ಇದೆ ಅಂದೆನಲ್ಲ!" ಎಂದು ಬೈದಳು. ಬೈಗುಳ ಇಷ್ಟು ಸಿಹಿಯಾಗಿರುತ್ತದೆ ಎಂದು ಗೊತ್ತಿರಲಿಲ್ಲ.

ಅಬಾನ್ ೨೮

ಊತ ಇಳಿಯುತ್ತಿದೆ. ಕಾಲು ಪೂರ್ತಿ ನೆಟ್ಟಗಾಗುವುದು ಅನುಮಾನ ಎಂದರು ಡಾಕ್ಟರ್. ಜೀವ ಉಳಿಯಿತು.

ಹೊರಗಿನ ಲೈನು ಬಂತು. ಜರ್ಮನಿಯ ಸೈಟು ಏನೂ ಆಗದವರ ಹಾಗೆ ತೆರೆದುಕೊಂಡಿತು. ಅದರಲ್ಲಿದ್ದದ್ದನ್ನೆಲ್ಲ ಇಳಿಸಿಕೊಂಡು ತಬ್ರೀಜ್‌ನವಳ ಪುಟಕ್ಕೆ ಸೇರಿಸಿದೆ. ಒಂದು ಪ್ರತಿ ಮನೆಯಲ್ಲಿ, ಒಂದು ಶಾಲೆಯ ಕಪಾಟಿನಲ್ಲಿ. ಆಯ್ಲಾರ್‌ಗೆ ದುಡ್ಡು ಕಳಿಸಿದೆ, "ಬಂತ್ರಿ" ಎಂದಳು.

ಸಂಜೆ ಸಾಲಾರಿ ಆಸ್ಪತ್ರೆಗೆ ಬಂದಿದ್ದರು. ಕೈಯಲ್ಲಿ ಮಸ್ಕತಿ ಡಬ್ಬಿ, ಮುಖ ಬಾಡಿತ್ತು. ಇನ್ನು ಮುಂದೆ ಜೀವಮಾನವಿಡೀ ನಿಮ್ಮ ಸೈಟು ನನ್ನ ಅತಿಥಿ ಎಂದರು.

"ಬೇಡ," ಎಂದೆ.

ಮುಂದಿನ ಮಾತಿಗೆ ಕಾಯುತ್ತ ನಿಂತರು. ಮುಂದಿನ ಮಾತು ಇರಲಿಲ್ಲ. ಡಬ್ಬಿ ಇಟ್ಟು ಹೋದರು. ಬೆಹ್ರಂಗ್ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದ.

"ಏನೋ?"

"ಏನಿಲ್ಲ. ಒಂದೇ ಸಲ ಬೇಡ ಅಂದ್ಯಲ್ಲ, ಅದಕ್ಕೆ."

ಬೇಡವೆಂದರೆ ಬೇಡ, ಎಷ್ಟು ಸಲ ಹೇಳಬೇಕು? ಔಷಧಿಯಿಂದ ಇವನ ತಲೆ ಮಂಪರಾಗಿದೆ. ಮಸ್ಕತಿ ಚೆನ್ನಾಗಿತ್ತು.

ಅಜರ್ ೨

ಬೆಹ್ರಂಗ್ ಮನೆಗೆ ಬಂದ. ಊರುಗೋಲಿಗೆ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ ಕೂತಿದ್ದ. ಕೀರಲು ಸದ್ದು ಮಾಡಿದರೆ ಹುಡುಗಿಯರು ಓಡಿಹೋಗುತ್ತಾರಂತೆ.

ಸಂಜೆ ಚಹ ತಂದಿಟ್ಟು, ನೋವಿದೆಯಾ ಎಂದೆ.

"ಇಲ್ಲಕ್ಕ."

ಅವನು ಲೋಟ ತೆಗೆದುಕೊಳ್ಳಲು ಬಗ್ಗಿದಾಗ ತುಟಿ ಕಚ್ಚಿದ್ದು ಕಂಡಿತು. "ನೋವಿದೆಯಾ?"

"ನಿನ್ನ ಮುಖ ನೋಡಿದ್ರೆ ನೋವೇ ಹೆದರಿ ಓಡುತ್ತೆ, ಹೋಗು."

ನಾನು ನನ್ನ ಲೋಟ ಕೆಳಗಿಟ್ಟೆ. "ಬೆಹ್ರಂಗ್. ನೋವಿದೆಯಾ?"

ಏನೋ ತಮಾಷೆ ಹೇಳಲು ಬಾಯಿ ತೆರೆದ. ಬರಲಿಲ್ಲ. ಊರುಗೋಲನ್ನು ಪಕ್ಕಕ್ಕೆ ಒರಗಿಸಿದ.

"ಇದೆ," ಎಂದ.

"ಯಾವಾಗಿಂದ?"

"ಚಿಕ್ಕವನಾಗಿದ್ದಾಗಿಂದ."

ಅವನ ಪಕ್ಕ ಹೋಗಿ ಕೂತೆ, ಅವನ ಕಾಲನ್ನು ನನ್ನ ಮಡಿಲಿಗೆ ತೆಗೆದುಕೊಂಡು ಐಸ್ ಚೀಲ ಇಟ್ಟೆ. ಚಹ ಆರಿಹೋಯಿತು. ಇನ್ನೊಂದು ಮಾಡಲಾ ಎಂದು ಕೇಳಿದೆ.

"ಮಾಡು," ಎಂದ, ಮೊದಲ ಸಲಕ್ಕೇ.